ಬ್ರೇಕ್ ಪೈಪ್ ನಾನೇ ಮಾಡಿದೆ!

ಮಳೆಗಾಲದಲ್ಲಿ ಉಡುಪಿಗೆ ಹೋದಾಗ ಅಪ್ಪನ ಹಳೇ ಕಾರಿನ ಬ್ರೇಕ್ ಪೆಡಲ್ ಮೆತ್ತಗೆ ಕೆಳಗಿಳೀತು. ಬಗ್ಗಿ ನೋಡಿದ್ರೆ ಹಿಂಚಕ್ರದ ಸ್ಟೀಲ್ ಪೈಪ್ ತುಕ್ಕು ಹಿಡಿದು ಒಸರ್ತಿತ್ತು. ಕಡಲ ಉಪ್ಪುಗಾಳಿಯ ಕೆಲಸ.

ಕೋಡ್‌ನಲ್ಲಿ ತಪ್ಪಾದ್ರೆ ರೋಲ್‌ಬ್ಯಾಕ್ ಮಾಡಬಹುದು, ಬ್ರೇಕಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ನಿಧಾನವಾಗೇ ಮಾಡಿದೆ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, 4.75 ಮಿ.ಮೀ. ತಾಮ್ರ-ನಿಕಲ್ ಪೈಪನ್ನು ಅಳತೆಗೆ ಕತ್ತರಿಸಿದೆ. ಇದಕ್ಕೆ ಸ್ಟೀಲಿನಂತೆ ತುಕ್ಕು ಹಿಡಿಯಲ್ಲ, ಬಗ್ಗಿಸೋದೂ ಸುಲಭ. ತುದಿ ಅರಳಿಸುವ ಮುಂಚೆ ನಟ್ ತೂರಿಸಬೇಕು. ನಾನು ಮರೆತೆ, ಆ ತುದಿ ಕತ್ತರಿಸಿ ಎಸೆದೆ! ಹಳೇ ಪೈಪಿನ ತುದಿ ಡಬಲ್ ಫ್ಲೇರ್ ಆಗಿದ್ರೆ ಹೊಸದೂ ಅದೇ ಇರಬೇಕು, ಬಬಲ್ ಆಗಿದ್ರೆ ಬಬಲ್. ಬೆರೆಸಿದ್ರೆ ಸೋರುತ್ತೆ.

ಹೊಸ ಬ್ರೇಕ್ ಆಯಿಲ್ ಹಾಕಿ ಗಾಳಿ ತೆಗೆದ ಮೇಲೆ ಅಪ್ಪ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದ್ರು. ಪ್ರತಿ ಜಾಯಿಂಟಿಗೂ ಟಿಶ್ಯೂ ಒತ್ತಿ ನೋಡಿದೆ. ಒಂದು ಒದ್ದೆಯಾಯ್ತು. ಬಿಚ್ಚಿ, ಮತ್ತೆ ಫ್ಲೇರ್ ಮಾಡಿದೆ. ಈ ಸಲ ಒಣಗಿತ್ತು. ಆದ್ರೂ ರಸ್ತೆಗಿಳಿಸುವ ಮುಂಚೆ ಪರಿಚಯದ ಮೆಕ್ಯಾನಿಕ್‌ಗೆ ಮನೆಗೇ ಬರಹೇಳಿ ತೋರಿಸಿದೆ. ನೀವೂ ಅದನ್ನು ಬಿಡಬೇಡಿ.

ಅಪ್ಪ ಏನೂ ಹೇಳಲಿಲ್ಲ. ಗೇಟಿನ ಹತ್ರ ಸುಮ್ಮನೆ ಎರಡು ಸಲ ಬ್ರೇಕ್ ಒತ್ತಿ ನೋಡಿ, ಅಮ್ಮನನ್ನು ಕೂರಿಸಿಕೊಂಡು ಪೇಟೆಗೆ ಹೊರಟ್ರು.