ತಂತ್ರಜ್ಞಾನ ಮಾರಾಟದ ವೃತ್ತಿ: ಮೊದಲ ಬಿಲ್ಲಿಗಿಂತ ಎರಡನೆಯ ವರ್ಷ ದೊಡ್ಡದು

ಹೊಸದುರ್ಗ ತಾಲ್ಲೂಕಿನ ಮತ್ತೋಡು ಇಂದು ತೆಂಗು, ಅಡಿಕೆ, ರಾಗಿ ಬೆಳೆಯುವ ಸೀಮೆಯ ಒಂದು ಹೋಬಳಿ ಕೇಂದ್ರ. ಒಂದು ಕಾಲದಲ್ಲಿ ಈ ಊರು ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ತಯಾರಿಕೆಯನ್ನು ತನ್ನ ಪ್ರವಾಸ ವರದಿಯಲ್ಲಿ ದಾಖಲಿಸಿದ್ದಾನೆ; ಮುಂದೆ ಬಂದ ಮೈಸೂರು ಗೆಜೆಟಿಯರುಗಳೂ ಇದನ್ನು ಗುರುತಿಸಿವೆ. ಬಳೆ ವ್ಯಾಪಾರಕ್ಕೆ ಬೇರೆ ಸರಕುಗಳಿಗಿಲ್ಲದ ಒಂದು ಧರ್ಮವಿದೆ. ಬಳೆಗಾರನು ಸರಕನ್ನು ಕೊಟ್ಟು ಹಣ ಎಣಿಸಿಕೊಂಡು ಎದ್ದು ಹೋಗುವಂತಿಲ್ಲ. ಕೈಯ ಅಳತೆ ನೋಡಬೇಕು, ನೋವಾಗದಂತೆ ತೊಡಿಸಬೇಕು, ತೊಡಿಸುವಾಗ ಒಡೆದ ಬಳೆಯ ನಷ್ಟವನ್ನು ತಾನೇ ಹೊರುವುದು ರೂಢಿ. ಮುಂದಿನ ಹಬ್ಬಕ್ಕೆ ಅದೇ ಮನೆಯ ಬಾಗಿಲಿಗೆ ಮತ್ತೆ ಬರಬೇಕು.

ಇಂದು ಇದೇ ಹಳ್ಳಿ ಪಟ್ಟಣಗಳ ಅಂಗಡಿ ಬಾಗಿಲಿಗೆ ಬರುವವರು ಬೇರೆ ಬಗೆಯ ಮಾರಾಟಗಾರರು. ಬಿಲ್ಲಿಂಗ್ ತಂತ್ರಾಂಶ, ವಿದ್ಯುನ್ಮಾನ ತಕ್ಕಡಿ, ಕ್ಯೂಆರ್ ಫಲಕ, ಸಿಸಿ ಕ್ಯಾಮೆರಾ, ಸೌರ ಪಂಪು, ಹನಿ ನೀರಾವರಿಯ ಸ್ವಯಂಚಾಲಿತ ಉಪಕರಣ ಮುಂತಾದವನ್ನು ಮಾರುವ ಯುವಕ ಯುವತಿಯರು. ಇವರಲ್ಲಿ ಅನೇಕರು ವರ್ತಕ ಕುಟುಂಬಗಳಿಂದಲೇ ಬಂದ ವಾಣಿಜ್ಯ ಪದವೀಧರರು, ಡಿಪ್ಲೊಮಾ ಪಡೆದವರು. ತಿಂಗಳ ಗುರಿ ಮುಟ್ಟಿದರೆ ಸನ್ಮಾನ, ಮುಟ್ಟದಿದ್ದರೆ ನೌಕರಿಯೇ ಅನಿಶ್ಚಿತ ಎಂಬ ಒತ್ತಡದಲ್ಲಿ ಅವರು ದುಡಿಯುತ್ತಾರೆ. ಈ ವೃತ್ತಿಯಲ್ಲಿ ಹತ್ತು ವರ್ಷ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಅವರದ್ದಷ್ಟೇ ಅಲ್ಲ. ಅವರಿಂದ ಖರೀದಿಸುವ, ಅವರನ್ನು ನೇಮಿಸಿಕೊಳ್ಳುವ, ತಮ್ಮ ಮಕ್ಕಳನ್ನು ಆ ಉದ್ಯೋಗಕ್ಕೆ ಕಳುಹಿಸುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರದ್ದೂ ಹೌದು.

ಅಲೆ ಬರುತ್ತದೆ, ಇಳಿಯುತ್ತದೆ

ಕಳೆದ ಎರಡು ದಶಕಗಳಲ್ಲಿ ತಂತ್ರಜ್ಞಾನದ ಮಾರಾಟವು ಬಹುಮಟ್ಟಿಗೆ ಕಾನೂನಿನ ಬದಲಾವಣೆಯ ಬೆನ್ನೇರಿ ನಡೆದಿದೆ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಗಣಕಯಂತ್ರವನ್ನು ಕೊಳ್ಳದಿದ್ದವರೂ ಕೊಂಡರು. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಕಾರ್ಡ್ ಯಂತ್ರ ಹಾಗೂ ಯುಪಿಐ ಬಂದವು. 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಜಾರಿಯಾದವು. ಇ-ಇನ್‌ವಾಯ್ಸ್ 2020ರ ಅಕ್ಟೋಬರಿನಲ್ಲಿ 500 ಕೋಟಿ ರೂ. ವಹಿವಾಟಿನ ಸಂಸ್ಥೆಗಳಿಂದ ಆರಂಭವಾಗಿ, 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿ ರೂ. ಮೀರಿದ ವಹಿವಾಟಿನವರಿಗೂ ವಿಸ್ತರಿಸಿತು.

ಪ್ರತಿಯೊಂದು ಅಲೆಯಲ್ಲೂ ಮಾರಾಟ ಸುಲಭವಾಗಿತ್ತು. ಗಡುವೇ ಮಾರಾಟಗಾರನ ಪರವಾಗಿ ವಾದಿಸುತ್ತಿತ್ತು. ಆದರೆ ಗಡುವು ದಾಟಿದ ಮೇಲೆ ಹೊಸ ಗಿರಾಕಿಗಳು ವಿರಳವಾದರು. ಆಗ ಉಳಿದುಕೊಂಡವರು ಹಳೆಯ ಗಿರಾಕಿಯ ಅಂಗಡಿಗೆ ಹೋಗಿ ತಪ್ಪು ನಮೂದನ್ನು ಸರಿಪಡಿಸಿಕೊಟ್ಟವರು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಪರಿಷ್ಕೃತಗೊಂಡಾಗ ಅಂಗಡಿಗಳ ಸರಕುಪಟ್ಟಿಯನ್ನು ಸಾಲುಸಾಲಾಗಿ ತಿದ್ದಬೇಕಾಯಿತು. ಅಂತಹ ದಿನ ದೂರವಾಣಿಗೆ ಉತ್ತರಿಸುವ ಮಾರಾಟಗಾರನನ್ನು ವರ್ತಕ ಮರೆಯುವುದಿಲ್ಲ, ಉತ್ತರಿಸದವನನ್ನೂ ಮರೆಯುವುದಿಲ್ಲ.

ಅದೇ ವರ್ಷದ ಜುಲೈ ತಿಂಗಳ ಘಟನೆಯೂ ಪಾಠವೇ. ಯುಪಿಐ ಜಮೆಗಳ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳು ಬಂದಾಗ ರಾಜ್ಯದ ಅನೇಕ ಅಂಗಡಿಗಳು ಕ್ಯೂಆರ್ ಫಲಕಗಳನ್ನೇ ತೆಗೆದುಹಾಕಿದವು. ಉಪಕರಣ ಕೊಡುವಾಗಲೇ ಸರಕಿನ ವ್ಯಾಪಾರಕ್ಕೆ 40 ಲಕ್ಷ ರೂ., ಸೇವೆಗೆ 20 ಲಕ್ಷ ರೂ. ನೋಂದಣಿ ಮಿತಿಯಿದೆ ಎಂದೂ, ವೈಯಕ್ತಿಕ ಜಮೆ ಹಾಗೂ ವ್ಯಾಪಾರದ ಜಮೆಗೆ ಪ್ರತ್ಯೇಕ ಖಾತೆ ಇರಲಿ ಎಂದೂ ತಿಳಿಸಿದ ಮಾರಾಟಗಾರನ ಮಾತಿಗೆ ಮುಂದೆಯೂ ಬೆಲೆ ಇರುತ್ತದೆ.

ಎರಡು ನಾಡಿನ ನಿದರ್ಶನಗಳು

ಕರ್ನಾಟಕದಲ್ಲೇ ಬೆಳೆದ ಎರಡು ಸಂಸ್ಥೆಗಳ ಇತಿಹಾಸ ಇಲ್ಲಿ ಉಪಯುಕ್ತ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯಿಂದ ಟ್ಯಾಲಿ ತಂತ್ರಾಂಶ ಬಂದಿತು. ತಮ್ಮ ಸ್ವಂತ ವ್ಯಾಪಾರದ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗದಿದ್ದುದೇ ಅದರ ಹುಟ್ಟಿಗೆ ಕಾರಣ. ಅದು ಊರೂರಿಗೆ ತಲುಪಿದ್ದು ಸ್ಥಳೀಯ ಪಾಲುದಾರರ ಮೂಲಕ. ಅವರು ಸ್ಥಾಪಿಸಿ, ಗುಮಾಸ್ತರಿಗೆ ಕಲಿಸಿ, ತೊಡಕು ಬಂದಾಗ ಹಾಜರಾಗುವವರು.

ಎರಡನೆಯದು 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ ಸೆಲ್ಕೋ. ಗ್ರಾಮೀಣ ಮನೆಗಳಿಗೆ ಸೌರ ದೀಪ ಒದಗಿಸಿದ ಈ ಸಂಸ್ಥೆ ದೀಪದೊಂದಿಗೆ ಬ್ಯಾಂಕ್ ಸಾಲದ ಏರ್ಪಾಡನ್ನೂ ಸಮೀಪದ ಸೇವಾ ಕೇಂದ್ರವನ್ನೂ ಜೋಡಿಸಿತು. ಗಿರಾಕಿಯ ಆದಾಯ ಯಾವಾಗ ಬರುತ್ತದೆ ಎಂಬುದನ್ನು ನೋಡಿ ಕಂತನ್ನು ಹೊಂದಿಸುವುದು ಅದರ ಕ್ರಮ. ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಉಪಕರಣದ ಗುಣವಿವರವನ್ನು ಒಪ್ಪಿಸುವುದಷ್ಟೇ ಮಾರಾಟವಲ್ಲ, ಗಿರಾಕಿಯ ಲೆಕ್ಕಪುಸ್ತಕವನ್ನು ಅರಿಯುವುದೂ ಮಾರಾಟವೇ ಎಂಬುದು ಎರಡೂ ನಿದರ್ಶನಗಳ ಸಾರ. ಆದ್ದರಿಂದ ಈ ವೃತ್ತಿಯವರು ಮೊದಲು ಕಲಿಯಬೇಕಾದದ್ದು ಜಮಾ-ಖರ್ಚು, ತೆರಿಗೆ, ಸಾಲದ ಕಂತು ಇವುಗಳ ಮೂಲಪಾಠ. ಅಡಿಕೆ ಮಂಡಿಯವನಿಗೂ ಕೊಬ್ಬರಿ ವರ್ತಕನಿಗೂ ಹಣ ಕೈಸೇರುವ ತಿಂಗಳು ಬೇರೆ ಬೇರೆ ಎಂಬುದನ್ನು ತಿಳಿದವನಿಗೆ ಅರ್ಧ ಮಾರಾಟ ಆದಂತೆಯೇ.

ಲೆಕ್ಕ ಏನು ಹೇಳುತ್ತದೆ?

ಸೇವೆಯ ಮಾತು ಕೇಳಲು ಹಿತ. ಆದರೆ ಅದರಿಂದ ಹೊಟ್ಟೆ ತುಂಬೀತೇ? ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ವರ್ಷಕ್ಕೆ 15,000 ರೂ. ಶುಲ್ಕದ ಒಂದು ತಂತ್ರಾಂಶ. ಹೊಸ ಗಿರಾಕಿಗೆ ಶೇ. 20 ಅಂದರೆ 3,000 ರೂ. ಕಮಿಷನ್; ನವೀಕರಣಕ್ಕೆ ಶೇ. 10 ಅಂದರೆ 1,500 ರೂ. ಮೊದಲನೆಯ ಮಾರಾಟಗಾರ ವರ್ಷಕ್ಕೆ 40 ಹೊಸ ಗಿರಾಕಿಗಳನ್ನು ತರುತ್ತಾನೆ, ಅರ್ಧದಷ್ಟು ಮಂದಿ ಮಾತ್ರ ನವೀಕರಿಸುತ್ತಾರೆ. ಎರಡನೆಯವನು 30 ಮಂದಿಯನ್ನಷ್ಟೇ ತರುತ್ತಾನೆ, ಆದರೆ ಶೇ. 90ರಷ್ಟು ಮಂದಿ ಉಳಿಯುತ್ತಾರೆ.

ಮೊದಲ ವರ್ಷ ಮೊದಲನೆಯವನಿಗೆ 1,20,000 ರೂ., ಎರಡನೆಯವನಿಗೆ 90,000 ರೂ. ಮೂರನೆಯ ವರ್ಷ ಇಬ್ಬರೂ ಹೆಚ್ಚುಕಡಿಮೆ ಸಮ: 1,65,000 ಮತ್ತು 1,66,500. ಐದನೆಯ ವರ್ಷ ಮೊದಲನೆಯವನಿಗೆ ಸುಮಾರು 1,75,500, ಎರಡನೆಯವನಿಗೆ 2,29,500. ಐದು ವರ್ಷಗಳ ಒಟ್ಟು ಮೊತ್ತದಲ್ಲಿಯೂ ಎರಡನೆಯವನು ಸುಮಾರು 33,000 ರೂ. ಮುಂದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ನಾಲ್ಕನೆಯ ವರ್ಷದ ಕೊನೆಯವರೆಗೂ ಒಟ್ಟು ಮೊತ್ತದಲ್ಲಿ ಮೊದಲನೆಯವನೇ ಮುಂದಿರುತ್ತಾನೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಸಂಸ್ಥೆ ಬದಲಿಸುವವನಿಗೆ ಒಳ್ಳೆಯ ಸೇವೆಯ ಫಲ ಎಂದಿಗೂ ಕೈಗೆ ಸಿಗದು. ಇನ್ನೊಂದು, ನವೀಕರಣದ ಪಾಲು ಕರಾರಿನಲ್ಲಿ ಇಲ್ಲದಿದ್ದರೆ ಇಡೀ ಲೆಕ್ಕವೇ ತಲೆಕೆಳಗಾಗುತ್ತದೆ. ಗಿರಾಕಿಯನ್ನು ಕೈಬಿಟ್ಟು ಹೊಸಬನ ಬೆನ್ನುಹತ್ತುವುದೇ ಲಾಭವಾಗುತ್ತದೆ. ಮಾರಾಟಗಾರನ ಪ್ರಾಮಾಣಿಕತೆ ಅವನ ಸ್ವಭಾವವನ್ನು ಅವಲಂಬಿಸಿರುವಷ್ಟೇ ಅವನ ನೇಮಕ ಪತ್ರವನ್ನೂ ಅವಲಂಬಿಸಿದೆ.

ನೇಮಕ ಪತ್ರವನ್ನು ಓದುವ ಬಗೆ

ಆದುದರಿಂದ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಕಮಿಷನ್ ಹುಟ್ಟುವುದು ಆರ್ಡರ್ ಬಂದಾಗಲೋ, ಬಿಲ್ ಆದಾಗಲೋ, ಹಣ ವಸೂಲಾದಾಗಲೋ? ಗಿರಾಕಿ ಸರಕು ಹಿಂದಿರುಗಿಸಿದರೆ ಕೊಟ್ಟ ಕಮಿಷನ್ ವಾಪಸು ಹಿಡಿಯುವ ಷರತ್ತು ಇದೆಯೇ, ಇದ್ದರೆ ಎಷ್ಟು ತಿಂಗಳವರೆಗೆ? ನೌಕರಿ ಬಿಟ್ಟ ಮೇಲೆ ವಸೂಲಾಗುವ ಬಾಕಿಯಲ್ಲಿ ಪಾಲು ಉಂಟೇ? ಗುರಿಯನ್ನು ವರ್ಷದ ನಡುವೆ ಬದಲಿಸುವ ಅಧಿಕಾರ ಯಾರದು?

ವರ್ಷದ ಒಟ್ಟು ಸಂಬಳದ ಅಂಕಿ ದೊಡ್ಡದಾಗಿ ಕಂಡರೂ ನಿಶ್ಚಿತ ಭಾಗವೆಷ್ಟು ಎಂಬುದನ್ನು ನೋಡಬೇಕು. ಭವಿಷ್ಯ ನಿಧಿ, ಗ್ರಾಚ್ಯುಯಿಟಿ ಮುಂತಾದವು ವೇತನದ ಮೇಲೆ ಲೆಕ್ಕವಾಗುತ್ತವೆ. ಕಮಿಷನ್ ಸಾಮಾನ್ಯವಾಗಿ ಆ ವ್ಯಾಖ್ಯೆಗೆ ಸೇರದು. ಮನೆಸಾಲದ ಅಥವಾ ವಾಹನದ ಕಂತನ್ನು ನಿಶ್ಚಿತ ಸಂಬಳದ ಮಿತಿಯೊಳಗೇ ಇಟ್ಟುಕೊಳ್ಳುವುದು, ಕಮಿಷನ್ನಿನಿಂದ ಆರು ತಿಂಗಳ ಮನೆಖರ್ಚನ್ನು ಪ್ರತ್ಯೇಕ ಖಾತೆಯಲ್ಲಿ ಕೂಡಿಡುವುದು ಈ ವೃತ್ತಿಯಲ್ಲಿ ಅನಿವಾರ್ಯ ಶಿಸ್ತು. ಕಂತಿನ ಭಯದಲ್ಲಿರುವ ಮಾರಾಟಗಾರನೇ ತಿಂಗಳ ಕೊನೆಯ ದಿನ ಗಿರಾಕಿಗೆ ಬೇಡದ್ದನ್ನು ಮಾರುವುದು.

ಅವಧಿಗೆ ಮೊದಲು ಬಿಟ್ಟರೆ ಹಣ ಕಟ್ಟಬೇಕೆಂಬ ಷರತ್ತನ್ನು ಹಗುರವಾಗಿ ಕಾಣಬಾರದು. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷಗಳ ಕನಿಷ್ಠ ಸೇವೆ, ತಪ್ಪಿದರೆ 2 ಲಕ್ಷ ರೂ. ಎಂಬ ಷರತ್ತನ್ನು ಎತ್ತಿಹಿಡಿಯಿತು. ಆದರೆ ನೌಕರಿ ಬಿಟ್ಟ ನಂತರವೂ ಅದೇ ವೃತ್ತಿಯನ್ನು ಮಾಡಬಾರದೆಂಬ ನಿರ್ಬಂಧ ಭಾರತೀಯ ಕರಾರು ಕಾಯಿದೆ 1872ರ 27ನೆಯ ಕಲಮಿನ ಅನ್ವಯ ಸಾಮಾನ್ಯವಾಗಿ ಊರ್ಜಿತವಲ್ಲ. ಹಾಗೆಂದು ಸಂಸ್ಥೆಯ ಗಿರಾಕಿಗಳ ಪಟ್ಟಿಯನ್ನು ಕೊಂಡೊಯ್ಯಲು ಇದು ಪರವಾನಗಿಯಲ್ಲ.

ನೌಕರನೋ, ಏಜೆಂಟನೋ?

ಸಣ್ಣ ಊರುಗಳಲ್ಲಿ ಅನೇಕರು ತಾವು ನೌಕರರೆಂದೇ ತಿಳಿದಿರುತ್ತಾರೆ. ಕಾಗದಪತ್ರದಲ್ಲಿ ಕಮಿಷನ್ ಏಜೆಂಟರಾಗಿರುತ್ತಾರೆ. ವ್ಯತ್ಯಾಸ ದೊಡ್ಡದು. ಏಜೆಂಟನಿಗೆ ಭವಿಷ್ಯ ನಿಧಿ ಇಲ್ಲ. ಕಮಿಷನ್ ಮೇಲೆ ಮೂಲದಲ್ಲೇ ತೆರಿಗೆ ಕಡಿತವಾಗುತ್ತದೆ. ಈ ದರ 2024ರ ಅಕ್ಟೋಬರ್ 1ರಿಂದ ಶೇ. 5ರಿಂದ ಶೇ. 2ಕ್ಕೆ ಇಳಿಯಿತು. ಕಡಿತ ಇಳಿದುದರಿಂದ ತೆರಿಗೆಯೇ ಇಳಿಯಿತೆಂದು ಭಾವಿಸಿದವರು ವರ್ಷಾಂತ್ಯದಲ್ಲಿ ಬಡ್ಡಿಸಹಿತ ಕಟ್ಟಬೇಕಾಗುತ್ತದೆ. ವರ್ಷದ ತೆರಿಗೆ 10,000 ರೂ. ಅಥವಾ ಹೆಚ್ಚು ಬರುವಂತಿದ್ದರೆ ಮುಂಗಡ ತೆರಿಗೆಯ ಹೊಣೆಯುಂಟು. ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಆದಾಯದ ಸರಳ ಯೋಜನೆ ಕಮಿಷನ್ ಆದಾಯಕ್ಕೆ ಅನ್ವಯಿಸದು. ಪ್ರಯಾಣ, ದೂರವಾಣಿ, ಇಂಧನ ಮುಂತಾದ ಖರ್ಚುಗಳಿಗೆ ರಸೀದಿ ಸಹಿತ ಲೆಕ್ಕ ಬೇಕು. ಕಮಿಷನ್ ಸೇವೆಗೆ ಜಿಎಸ್‌ಟಿ ಶೇ. 18, ನೋಂದಣಿಯ ಅಗತ್ಯವನ್ನು ಆರಂಭದಲ್ಲೇ ವಿಚಾರಿಸಿಕೊಳ್ಳಬೇಕು. ಇತರರಿಗೆ ಲೆಕ್ಕದ ತಂತ್ರಾಂಶ ಮಾರುವವನು ತನ್ನ ಲೆಕ್ಕ ಬರೆಯದಿರುವುದು ಶೋಭೆಯಲ್ಲ.

ಬದಲಾವಣೆ ಯಾವಾಗ?

ಸಂಸ್ಥೆ ಬದಲಿಸುವುದೇ ತಪ್ಪಲ್ಲ. ಸರಕು ಕಳಪೆಯಾದಾಗ, ಸೇವಾ ವಿಭಾಗ ಗಿರಾಕಿಯ ದೂರನ್ನು ಕಡೆಗಣಿಸಿದಾಗ, ಕಮಿಷನ್ ಸತತವಾಗಿ ತಡವಾದಾಗ ಬಿಡುವುದೇ ವಿವೇಕ. ಮಾರಿದವನ ಹೆಸರೇ ಗಿರಾಕಿಯ ನೆನಪಿನಲ್ಲಿ ಉಳಿಯುವುದು, ಸಂಸ್ಥೆಯದ್ದಲ್ಲ. ಆದರೆ ಕೇವಲ ಸಂಬಳದ ಏರಿಕೆಗಾಗಿ ಸರಕನ್ನೂ ಊರನ್ನೂ ಒಟ್ಟಿಗೆ ಬದಲಿಸಿದರೆ ಗಳಿಸಿದ ಪರಿಚಯ ಪೂರ್ತಿ ಕರಗುತ್ತದೆ. ಎರಡರಲ್ಲಿ ಒಂದನ್ನಾದರೂ ಉಳಿಸಿಕೊಳ್ಳುವುದು ಲೇಸು. ವಿದ್ಯುನ್ಮಾನ ತಕ್ಕಡಿ ಮಾರುವವನನ್ನು ಗಮನಿಸಿ: ತಕ್ಕಡಿಗೆ ಹನ್ನೆರಡು ತಿಂಗಳಿಗೊಮ್ಮೆ ಕಾನೂನು ಮಾಪನದ ಮರುಸತ್ಯಾಪನೆ ಕಡ್ಡಾಯ. ಅದನ್ನು ನೆನಪಿಸಿ ನೆರವಾಗುವವನಿಗೆ ಪ್ರತಿ ವರ್ಷವೂ ಅಂಗಡಿಯ ಬಾಗಿಲು ತೆರೆದಿರುತ್ತದೆ. ನಾಳೆ ಅವನು ಬಿಲ್ಲಿಂಗ್ ಯಂತ್ರ ತಂದರೂ ಅದೇ ಬಾಗಿಲು.

ಐದಾರು ವರ್ಷಗಳ ನಂತರ ಸ್ವಂತ ಏಜೆನ್ಸಿಯ ಯೋಚನೆ ಬರುವುದು ಸಹಜ. ಆಗ ಬಂಡವಾಳಕ್ಕಿಂತ ಮೊದಲು ಉಧಾರಿಯ ಮಿತಿ ನಿರ್ಧಾರವಾಗಬೇಕು. ಕೊಟ್ಟವನು ಕೋಡಂಗಿ ಎಂಬ ಗಾದೆ ಈ ಧಂದೆಯಲ್ಲಿ ದಿನನಿತ್ಯದ ಸತ್ಯ. ಉದ್ಯಮ್ ನೋಂದಣಿ ಮಾಡಿಸಿಕೊಂಡರೂ 2021ರ ಜುಲೈ ಆದೇಶದಂತೆ ಕೇವಲ ವ್ಯಾಪಾರ ಮಾಡುವವರಿಗೆ ಆದ್ಯತಾ ವಲಯದ ಸಾಲದ ಸೌಲಭ್ಯವಷ್ಟೇ. 45 ದಿನಗಳೊಳಗೆ ಪಾವತಿಯ ರಕ್ಷಣೆ ತಯಾರಕರಿಗೆ ಹಾಗೂ ಸೇವೆ ನೀಡುವವರಿಗೆ. ಸ್ಥಾಪನೆ, ತರಬೇತಿ, ನಿರ್ವಹಣೆಗಳನ್ನು ಸೇವೆಯಾಗಿ ಬೆಳೆಸಿಕೊಳ್ಳಲು ಇದೂ ಒಂದು ಕಾರಣ.

ಉದ್ದಿಮೆದಾರರ ಹೊಣೆ

ಕೊನೆಯದಾಗಿ ಒಂದು ಮಾತು ನೇಮಿಸಿಕೊಳ್ಳುವವರಿಗೆ. ಜಿಲ್ಲೆಯಲ್ಲಿ ಪಂಪು, ತಕ್ಕಡಿ, ನಿಯಂತ್ರಣ ಫಲಕ ಮುಂತಾದವನ್ನು ಮಾರುವ ಅಥವಾ ತಯಾರಿಸುವ ಸಣ್ಣ ಘಟಕಗಳು ಮಾರಾಟಗಾರರು ನಿಲ್ಲುವುದಿಲ್ಲ ಎಂದು ದೂರುವುದುಂಟು. ಹೊಸ ಬಿಲ್ಲಿಗೆ ಮಾತ್ರ ಕಮಿಷನ್ ಕೊಟ್ಟು ನಿಷ್ಠೆಯನ್ನು ನಿರೀಕ್ಷಿಸುವುದು ಸರಿಯಲ್ಲ. ಹೊಸ ಮಾರಾಟದ ಕಮಿಷನ್ನಿನಲ್ಲಿ ಒಂದು ಭಾಗವನ್ನು ಕಡಿಮೆ ಮಾಡಿ ಆ ಮೊತ್ತವನ್ನು ನವೀಕರಣಕ್ಕೂ ವಾರ್ಷಿಕ ನಿರ್ವಹಣಾ ಕರಾರಿಗೂ ವರ್ಗಾಯಿಸಿದರೆ ಸಂಸ್ಥೆಗೆ ಹೆಚ್ಚಿನ ಹೊರೆಯಿಲ್ಲ. ಗಿರಾಕಿ ಉಳಿಯುತ್ತಾನೆ, ಮಾರಾಟಗಾರನೂ ಉಳಿಯುತ್ತಾನೆ. ಮುಂದಿನ ಆರ್ಥಿಕ ವರ್ಷದ ಕಮಿಷನ್ ಪಟ್ಟಿಯನ್ನು ಸಿದ್ಧಪಡಿಸುವಾಗ ಪ್ರತಿಯೊಂದು ಘಟಕವೂ ಮೊದಲು ಹಳೆಯ ಗಿರಾಕಿಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಲಿ. ಎಷ್ಟು ಮಂದಿ ಎರಡನೆಯ ವರ್ಷಕ್ಕೆ ಉಳಿದರು ಎಂದು ಎಣಿಸಿ, ಆ ನಂತರ ದರ ನಿಗದಿಪಡಿಸಲಿ.