ಜಾಲದ ಮೇಲಿನ ಬೀಗ

ರಜೆಯಲ್ಲಿ ಕುಂದಾಪುರ, ಉಡುಪಿಗಳ ಕಡೆಗೆ ಪಯಣಿಸುವಾಗ ಕೊಂಕಣ ರೈಲುಮಾರ್ಗವನ್ನು ನೀವು ಗಮನಿಸಿರಬಹುದು. ನಮ್ಮ ಸಯನ್ ನಿಲ್ದಾಣದಲ್ಲಿ ಹೋಗುವ ಗಾಡಿಗೂ ಬರುವ ಗಾಡಿಗೂ ಬೇರೆಬೇರೆ ಹಳಿಗಳಿವೆ. 1998ರಲ್ಲಿ ಪೂರ್ಣಗೊಂಡ ಆ ಮಾರ್ಗದ ಬಹುಭಾಗದಲ್ಲಾದರೋ ಒಂದೇ ಜೋಡಿ ಹಳಿ. ಎದುರುಬದುರಾಗಿ ಬರುವ ಗಾಡಿಗಳು ಅಂತಹ ಹಳಿಯ ಮೇಲೆ ಸಂಧಿಸಿದರೆ ಅನಾಹುತವೇ ಸರಿ. ಇದನ್ನು ತಡೆಯಲು ಹಿಂದೆ ನಮ್ಮ ದೇಶದ ಅನೇಕ ಮಾರ್ಗಗಳಲ್ಲಿ ಲೋಹದ ಗುಂಡುಗಳನ್ನು ಬಳಸುತ್ತಿದ್ದರು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ. ಅವೆರಡಕ್ಕೂ ತಂತಿಯ ಸಂಬಂಧ. ಒಂದರಿಂದ ಗುಂಡನ್ನು ತೆಗೆದರೆ, ಅದನ್ನು ಮರಳಿ ಯಂತ್ರದೊಳಗೆ ಹಾಕುವ ತನಕ ಎರಡರಿಂದಲೂ ಇನ್ನೊಂದು ಗುಂಡು ಹೊರಬರದು. ಗುಂಡು ಕೈಸೇರದೆ ಚಾಲಕನು ಹೊರಡುವಂತಿರಲಿಲ್ಲ.

ಗಣಕಯಂತ್ರದ ಕಡತಕ್ಕೂ ಇಂತಹ ಕಾವಲು ಬೇಕು. ಅದನ್ನೇ ಕಡತದ ಬೀಗವೆನ್ನುತ್ತಾರೆ. ಒಂದು ಕಚೇರಿಯ ಹಲವು ಯಂತ್ರಗಳು ಜಾಲದ ಮೂಲಕ ಒಂದೇ ಅಂಕಪಟ್ಟಿಯನ್ನು ಬಳಸುತ್ತವೆಯೆಂದು ಭಾವಿಸಿರಿ. ಇಬ್ಬರು ಗುಮಾಸ್ತರು ಅದನ್ನು ಏಕಕಾಲಕ್ಕೆ ತೆರೆದರು. ಒಬ್ಬರು 40 ಮಕ್ಕಳ ಗಣಿತದ ಅಂಕಗಳನ್ನು ಬರೆದು ಉಳಿಸಿದರು. ಅನಂತರ ಇನ್ನೊಬ್ಬರು ಕನ್ನಡದ ಅಂಕಗಳನ್ನು ಬರೆದು ಉಳಿಸಿದರು. ಇವರ ಪ್ರತಿಯಲ್ಲಿ ಗಣಿತದ ಅಂಕಗಳೇ ಇರಲಿಲ್ಲ. ಆದಕಾರಣ ಮೊದಲಿನವರ ದುಡಿಮೆಯೆಲ್ಲವೂ ಸದ್ದಿಲ್ಲದೆ ಅಳಿದುಹೋಯಿತು.

ಒಂದೇ ಯಂತ್ರದೊಳಗೆ ಬೀಗ ಹಾಕುವುದು ಸುಲಭ, ಜಾಲದಲ್ಲಿ ಕಷ್ಟ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಎಂಬ ಪದ್ಧತಿಯಲ್ಲಿ, ಕಡತಗಳನ್ನು ಒದಗಿಸುವ ಸರ್ವರ್ ಯಂತ್ರವು ಯಾರು ಏನು ಕೇಳಿದರೆಂಬುದನ್ನು ನೆನಪಿಡುತ್ತಿರಲಿಲ್ಲ. ಆದ್ದರಿಂದಲೇ ಅದು ಕೆಟ್ಟು ಮತ್ತೆ ಎದ್ದರೂ ಕೆಲಸ ಮುಂದುವರಿಯುತ್ತಿತ್ತು. ಆದರೆ ಬೀಗವೆಂದರೆ ನೆನಪೇ ಅಲ್ಲವೆ? ಆ ಹೊಣೆಯನ್ನು ಪ್ರತ್ಯೇಕ ಸಹಾಯಕ ಪ್ರೋಗ್ರಾಮಿಗೆ ಒಪ್ಪಿಸಬೇಕಾಯಿತು. ಬೀಗ ಪಡೆದ ಯಂತ್ರವು ಕೆಟ್ಟು ಮತ್ತೆ ಏಳದಿದ್ದರೆ, ಬೀಗವು ಹಾಗೆಯೇ ಉಳಿದು ಇತರರು ಕಾಯುತ್ತ ಕೂರಬೇಕಾಗುತ್ತಿತ್ತು. 2000ದಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯು ಬೀಗವನ್ನು ಗೇಣಿಯಂತೆ ಗೊತ್ತಾದ ಅವಧಿಗೆ ಮಾತ್ರ ಕೊಡುತ್ತದೆ. ಅವಧಿಯನ್ನು ನವೀಕರಿಸದಿದ್ದರೆ ಹಕ್ಕು ತಪ್ಪುತ್ತದೆ. ಇದರಿಂದ ಒಂದು ತೊಡಕು ತೀರಿ ಇನ್ನೊಂದು ಹುಟ್ಟಿತು: ಸಂಪರ್ಕ ಕಡಿದ ಯಂತ್ರವು ಬೀಗ ತನ್ನದೇ ಎಂದು ನಂಬಿರುವಾಗಲೇ ಸರ್ವರ್ ಅದನ್ನು ಮತ್ತೊಬ್ಬರಿಗೆ ಕೊಟ್ಟಿರಬಹುದು.

ಇದಲ್ಲದೆ, ಯೂನಿಕ್ಸ್ ಮಾದರಿಯ ಯಂತ್ರಗಳಲ್ಲಿ ಈ ಬೀಗವು ಸಾಮಾನ್ಯವಾಗಿ ಒಪ್ಪಂದದ ಬೀಗ. ಬೀಗವಿದೆಯೇ ಎಂದು ವಿಚಾರಿಸುವ ಪ್ರೋಗ್ರಾಮು ಮಾತ್ರ ನಿಲ್ಲುತ್ತದೆ. ವಿಚಾರಿಸದೆ ಬರೆಯುವುದಕ್ಕೆ ತಡೆಯಿಲ್ಲ. ಜಾಲದ ಮೇಲಿನ ಕಡತಬೀಗಗಳನ್ನು ನೆಚ್ಚಬಾರದೆಂದು ಎಸ್‌ಕ್ಯುಲೈಟ್ ಎಂಬ ಪ್ರಸಿದ್ಧ ದತ್ತಸಂಗ್ರಹದ ನಿರ್ಮಾಪಕರೇ ಎಚ್ಚರಿಸಿದ್ದಾರೆ.

ರೈಲಿನ ಗುಂಡು ಕೈಗೆ ಸಿಗುವ ವಸ್ತು. ಅದು ಏಕಕಾಲಕ್ಕೆ ಎರಡೆಡೆ ಇರಲಾರದು. ಜಾಲದ ಬೀಗವಾದರೋ ಬರಿಯ ಮಾತು. ಮಾತು ದಾರಿಯಲ್ಲಿ ಕಳೆದುಹೋಗಬಹುದು, ತಡವಾಗಿ ತಲುಪಬಹುದು. ಆದುದರಿಂದ ಹಲವರು ಕೂಡಿ ಮಾಡುವ ಕೆಲಸದಲ್ಲಿ ಪ್ರತಿಯೊಬ್ಬರೂ ತಮ್ಮದೇ ಕಡತದಲ್ಲಿ ಬರೆದು, ಒಬ್ಬರು ಎಲ್ಲವನ್ನೂ ಒಟ್ಟುಗೂಡಿಸುವುದು ಲೇಸು. ಹಿಂದಿನ ದಿನದ ಪ್ರತಿಯನ್ನೂ ಕಾದಿಡತಕ್ಕದ್ದು. ಬೀಗ ಕೈಕೊಟ್ಟ ದಿನ ನಿಮ್ಮ ಶ್ರಮವನ್ನು ಉಳಿಸಿಕೊಡುವುದು ಆ ಪ್ರತಿಯೇ.