ಕನ್ನಡಿ ಆಟದ ಬೆನ್ನುಹತ್ತಿ

ಬೇಸಿಗೆ ರಂಗಶಿಬಿರಕ್ಕೆ ಹೋಗಿಬಂದ ಮಕ್ಕಳಿಗೆ ಕನ್ನಡಿ ಆಟ ಚೆನ್ನಾಗಿ ಗೊತ್ತು. ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬ ಕೈ ಎತ್ತಿದರೆ ಇನ್ನೊಬ್ಬ ಅದೇ ವೇಗದಲ್ಲಿ, ಅಷ್ಟೇ ಎತ್ತರಕ್ಕೆ ಎತ್ತಬೇಕು. ಮೇಷ್ಟ್ರು ‘ಅದಲುಬದಲು’ ಎಂದರೆ ಕನ್ನಡಿ ಮನುಷ್ಯನಾಗುತ್ತದೆ, ಮನುಷ್ಯ ಕನ್ನಡಿಯಾಗುತ್ತಾನೆ. ನಮ್ಮ ರಂಗದವರು ‘ಥಿಯೇಟರ್ ಗೇಮ್’ ಎಂದೇ ಕರೆಯುವ ಇಂಥ ಆಟಗಳನ್ನು ಹೆಕ್ಕಿ, ಹೊಸೆದು, ಒಂದು ಪಾಠಕ್ರಮಕ್ಕೆ ತಂದವರಲ್ಲಿ ದೊಡ್ಡ ಹೆಸರು ಶಿಕಾಗೋದ ವಯೋಲಾ ಸ್ಪೋಲಿನ್ (1906–1994) ಅವರದು.

ಆಕೆ ಮೊದಲು ಕಲಿಯಲು ಹೊರಟದ್ದು ನಾಟಕವನ್ನಲ್ಲ, ಸಮಾಜಸೇವೆಯನ್ನು. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಶಿಕಾಗೋದ ಬಡ ವಲಸಿಗರ ನಡುವೆ ತೆರೆದ ಹಲ್ ಹೌಸ್‌ನಲ್ಲಿ ನೀವಾ ಬಾಯ್ಡ್ ಎಂಬಾಕೆ ಆಟ, ಜನಪದ ಕುಣಿತ, ಕತೆ ಹೇಳುವುದನ್ನು ಕಲಿಸುತ್ತಿದ್ದರು. ಸ್ಪೋಲಿನ್ 1924ರಲ್ಲಿ ಅವರ ಶಿಷ್ಯೆಯಾದರು. ಹೊರಗಿನವರು ಹೇರಿದ ಶಿಸ್ತಿಗೆ ಸೆಟೆದು ನಿಲ್ಲುವ ಮಗು ಆಟದ ನಿಯಮವನ್ನು ತಾನಾಗಿಯೇ ಪಾಲಿಸುತ್ತದೆ. ಬಾಯ್ಡ್ ಕಂಡುಕೊಂಡಿದ್ದ ಈ ಗುಟ್ಟೇ ಮುಂದಿನದಕ್ಕೆಲ್ಲ ತಳಪಾಯ.

ಮಹಾ ಆರ್ಥಿಕ ಕುಸಿತದ ನಂತರ, 1939ರಲ್ಲಿ, ಸರ್ಕಾರದ ಉದ್ಯೋಗ ಯೋಜನೆಯಡಿ ಶಿಕಾಗೋದ ಮನರಂಜನಾ ಕಾರ್ಯಕ್ರಮದಲ್ಲಿ ಸ್ಪೋಲಿನ್‌ಗೆ ನಾಟಕ ವಿಭಾಗದ ಮೇಲ್ವಿಚಾರಣೆ ಸಿಕ್ಕಿತು. ಎದುರಿಗಿದ್ದವರು ಬೇರೆಬೇರೆ ನಾಡುಗಳಿಂದ ಬಂದ ಕುಟುಂಬಗಳ ಮಕ್ಕಳು, ದೊಡ್ಡವರು. ಉಪನ್ಯಾಸದಿಂದ ಕೆಲಸ ಸಾಗದು. ಮೈ ಆಡಿಸಲು ಯಾರಿಗೂ ಭಾಷೆಯ ತೊಡಕಿಲ್ಲವಲ್ಲ!

ಸ್ಪೋಲಿನ್ ಆಡಿಸುತ್ತಿದ್ದ ಹಗ್ಗಜಗ್ಗಾಟವನ್ನೇ ನೋಡಿ. ಹಗ್ಗ ಇರುವುದಿಲ್ಲ. ಆದರೂ ಎರಡೂ ಕಡೆಯವರು ಎಳೆಯಬೇಕು, ಹಗ್ಗ ನಡುವೆ ಇದೆ ಎಂದು ನೋಡುವವರಿಗೆ ಅನಿಸಬೇಕು. ಈ ಕಡೆಯವನು ಹಿಂದಕ್ಕೆ ವಾಲಿದಾಗ ಆ ಕಡೆಯವಳು ಮುಂದಕ್ಕೆ ಜಾರದಿದ್ದರೆ ಹಗ್ಗ ರಬ್ಬರಿನಂತೆ ಹಿಗ್ಗಿಬಿಡುತ್ತದೆ, ಆಟ ಕೆಟ್ಟಿತು. ಎದುರಾಳಿಯ ಭುಜ, ಉಸಿರು, ಪಾದದ ಮೇಲೆ ಕಣ್ಣಿಡದೆ ಗತಿಯಿಲ್ಲ. ‘ಅವಳಿಗೆ ಹೇಗನ್ನಿಸುತ್ತಿದೆ, ಯೋಚಿಸು’ ಎಂದು ಯಾರೂ ಉಪದೇಶಿಸಿಲ್ಲ, ಗಮನಿಸಿ. ಮಗುವಿಗೆ ‘ದುಃಖ ತೋರಿಸು’ ಎಂದರೆ ತುಟಿ ಉಬ್ಬಿಸಿ ಕಣ್ಣುಜ್ಜಿಕೊಳ್ಳುತ್ತದೆ, ಅಷ್ಟೆ. ಸ್ಪೋಲಿನ್ ಭಾವವನ್ನು ಕೇಳಲಿಲ್ಲ, ಬಿಡಿಸಲು ಒಂದು ಸಮಸ್ಯೆ ಕೊಟ್ಟರು. ಆಟ ನಡೆಯುತ್ತಿರುವಾಗಲೇ ಪಕ್ಕದಿಂದ ಸೂಚನೆ ಕೊಡುತ್ತಿದ್ದರು. ಶಭಾಷ್‌ಗಿರಿಯೂ ಬೇಡ, ಛೀಮಾರಿಯೂ ಬೇಡ ಎಂಬುದು ಅವರ ಪಟ್ಟು. ಹೊಗಳಿಕೆಗೆ ಕಾದ ಮಗು ಎದುರಿನವನನ್ನು ಬಿಟ್ಟು ಮೇಷ್ಟ್ರ ಮುಖ ನೋಡತೊಡಗುತ್ತದೆ! ಕನ್ನಡಿ ಆಟದಲ್ಲೂ ಅದಲುಬದಲು ಬೇಗಬೇಗ ಆಗುತ್ತ, ಕೊನೆಗೆ ಮುಂದಾಳೇ ಇಲ್ಲದೆ ಇಬ್ಬರೂ ಪರಸ್ಪರ ಹಿಂಬಾಲಿಸಬೇಕು.

ಈ ಆಟಗಳ ಪುಸ್ತಕ 1963ರಲ್ಲಿ ಬಂತು, ತರಗತಿಗೆಂದೇ ಇನ್ನೊಂದು 1986ರಲ್ಲಿ. ಅಷ್ಟರೊಳಗೆ ಮಗ ಪಾಲ್ ಸಿಲ್ಸ್ ಅಮ್ಮನ ಆಟಗಳನ್ನು ಒಯ್ದು, 1959ರಲ್ಲಿ ‘ಸೆಕೆಂಡ್ ಸಿಟಿ’ ಎಂಬ ಹಾಸ್ಯರಂಗ ಕಟ್ಟುವುದರಲ್ಲಿ ಪಾಲುದಾರನಾಗಿದ್ದ. ಕೇರಿಯ ಮಕ್ಕಳ ಆಟ ಹೀಗೆ ವೃತ್ತಿನಟರ ಕೈಗೂ ಸೇರಿತು.

ಎದುರಿನವರನ್ನು ಹೀಗೆ ಗಮನಿಸುವುದನ್ನು ಕಲಿಸಿದರೆ ಸಹಾನುಭೂತಿ ನಿಜಕ್ಕೂ ಬೆಳೆಯುತ್ತದೆಯೇ? ಮನಶ್ಶಾಸ್ತ್ರಜ್ಞೆಯರಾದ ಥಾಲಿಯಾ ಗೋಲ್ಡ್‌ಸ್ಟೀನ್ ಮತ್ತು ಎಲೆನ್ ವಿನ್ನರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಕಲೆ ಕಲಿತವರಿಗಿಂತ ನಟನೆ ಕಲಿತ ಮಕ್ಕಳ ಸಹಾನುಭೂತಿಯ ಅಂಕಗಳು ಹೆಚ್ಚು ಏರಿದ್ದವು. ಆದರೆ ಅದು ತಿಂಗಳುಗಟ್ಟಲೆ ನಡೆದ ತರಗತಿಗಳ ಫಲ. ನಮ್ಮಲ್ಲಿ ಶಿಬಿರವೇ ಕೆಲವು ವಾರದ್ದು. ಕೊನೆಯ ದಿನ ಅಪ್ಪ-ಅಮ್ಮ ನಾಟಕ ನೋಡಲು ಬರುತ್ತಾರೆಂಬ ಗಡಿಬಿಡಿಯಲ್ಲಿ ಸಂಭಾಷಣೆಯ ಬಾಯಿಪಾಠ ಶುರುವಾದರೆ, ಮೊದಲು ಕತ್ತರಿ ಬೀಳುವುದು ಬೆಳಗಿನ ಈ ಆಟಗಳಿಗೇ.